ಬೀವರ್ ಮನೆಗಳ ಲೆಕ್ಕ

ಮ್ಯಾಕ್‌ನಾಬ್ ಜಂಕ್ಷನ್
12 ಸೆಪ್ಟೆಂಬರ್ 1951

ತಮ್ಮ ಮಲಾಕಿಗೆ ಹೆಸ್ಟರ್ ಅಕ್ಕ ಬರೆಯುವುದು.

ತೊಗಲು ಕೊಳ್ಳುವ ಅಂಗಡಿಯವರ ವಿಮಾನ ನಾಳೆ ಉತ್ತರಕ್ಕೆ ಹೊರಡುತ್ತದಂತೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಭಾಷೆಯ ಅಕ್ಷರ ವಕ್ರವಾಗಿದ್ದರೆ ನಗಬೇಡ. ಶಾಲೆಯಲ್ಲಿ ಈ ಅಕ್ಷರ ಬರೆದು ತಿಂದ ಪೆಟ್ಟು ಕೈ ಇನ್ನೂ ಮರೆತಿಲ್ಲ.

ನಾನು ಕಸ ಗುಡಿಸುವ ಸರ್ಕಾರಿ ಬೇಟೆ ಆಫೀಸಿನಲ್ಲಿ ಹೊಸ ಕಾನೂನು ಬಂದಿದೆ. ಇನ್ನು ಮೇಲೆ ತುಪ್ಪಳದ ಪ್ರಾಣಿಗೆ ಬೋನು ಹಾಕುವ ಪ್ರತಿಯೊಬ್ಬನೂ ಲೈಸೆನ್ಸ್ ತೆಗೆದುಕೊಳ್ಳಬೇಕು, ತನ್ನ ಬೇಟೆ ಜಾಗವನ್ನು ನಕ್ಷೆಯಲ್ಲಿ ತನ್ನ ಹೆಸರಿಗೆ ಬರೆಸಿಕೊಳ್ಳಬೇಕು. ಬರೆಸದವನ ಜಾಗ ಬೇರೆಯವರ ಪಾಲು. ಉತ್ತರದ ನಮ್ಮವರಿಗೆ ಇಂಗ್ಲಿಷ್ ಬಾರದು, ಆಫೀಸಿನವರಿಗೆ ನಮ್ಮ ಕ್ರೀ ಭಾಷೆ ಬಾರದು. ಟ್ವೀಡಿ ಸಾಹೇಬರು ನನ್ನನ್ನು ಕರೆದು, "ಎರಡೂ ಬರೋದು ನಿನಗೊಬ್ಬಳಿಗೇ ಹೆಸ್ಟರ್, ಪೊರಕೆ ಆಮೇಲೆ ಹಿಡಿ, ಮೊದಲು ಪೆನ್ನು ಹಿಡಿ" ಅಂದರು. ಈಗ ನನಗೊಂದು ಮೇಜು ಇದೆ. ಅಮ್ಮನಿಗೆ ಹೇಳು.

ಅಪ್ಪ ಬಿಟ್ಟುಹೋದ ಜಾಗವನ್ನು, ಕಿನೋಶೆ ಸರೋವರವನ್ನೂ ಅದಕ್ಕೆ ಸೇರುವ ತೊರೆಗಳನ್ನೂ, ನಿನ್ನ ಹೆಸರಿಗೆ ಬರೆದಿದ್ದೇನೆ. ನಾನು ತುಂಬಿದ ಮೊದಲ ಫಾರಂ ನಿನ್ನದೇ. ಇನ್ನೊಂದು ಸಂಗತಿ ಬೇಕು. ನಿನ್ನಲ್ಲಿ, ನೀರಿನಲ್ಲಿ ಕೊಂಬೆ ಪೇರಿಸಿ ಕಟ್ಟಿದ ಬೀವರ್ ಮನೆ ಎಷ್ಟಿವೆ? ಒಂದು ಮನೆಗೆ ಒಂದು ತಗಡಿನ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಹಾಕದ ತೊಗಲನ್ನು ಯಾರೂ ಕೊಳ್ಳುವಂತಿಲ್ಲ. ನೀರು ಹೆಪ್ಪುಗಟ್ಟುವ ಮೊದಲು ಬರುವ ಕೊನೆಯ ವಿಮಾನದಲ್ಲಿ ಉತ್ತರ ಕಳಿಸು.

ನಿನ್ನ ಅಕ್ಕ


ಕಿನೋಶೆ ಸರೋವರ
3 ಅಕ್ಟೋಬರ್ 1951

ಅಕ್ಕಾ,

ಕಾಗದವನ್ನು ಅಮ್ಮನಿಗೆ ಮೂರು ಸಲ ಓದಿ ಹೇಳಿದೆ. ಮೇಜಿನ ಸುದ್ದಿ ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಓದಿಸಿದಳು. ಪಕ್ಕದ ಬಿಡಾರದವರು ಬಂದರೆ ಮೀನು ತಿನ್ನಲು ಕೊಡುವ ಮೊದಲು ನಿನ್ನ ಮೇಜಿನ ಕಥೆ ಬಡಿಸುತ್ತಾಳೆ.

ಮನೆ ಎಷ್ಟು ಅಂತ ನೀನು ಅಷ್ಟು ಬಿಚ್ಚಿ ಕೇಳಿದ್ದಕ್ಕೆ ಅಮ್ಮ ನೀರಿನ ಕಡೆ ತಿರುಗಿ ನೋಡಿದಳು. ಆಮೇಲೆ, "ಆಫೀಸಿನಲ್ಲಿ ಹಂಗೇ ಕೇಳ್ಬೇಕೇನೋ ಪಾಪ, ಹೇಳು" ಅಂದಳು. ನಾಲ್ಕು ಅಂತ ಬರೆದುಕೋ.

ಪ್ರಾಣಿ ಹಿಡಿಯುವ ಮೊದಲೇ ಬಿಲ್ಲೆ ಕೊಡುತ್ತಾರೆಂದರೆ ನನಗೆ ನಗು ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಿನ್ನ ಸಾಹೇಬರ ಪದ್ಧತಿಯಿರಬೇಕು.

ಅಮ್ಮ ಒಣಗಿಸಿದ ಹೆಬ್ಬಾತಿನ ಮಾಂಸ ಕಳಿಸಿದ್ದಾಳೆ. ರೈಲಿನ ಊರಿನಲ್ಲಿ ನಿನಗೆ ತಿನ್ನಲು ಏನು ಸಿಗುತ್ತದೋ ಎಂಬ ಚಿಂತೆ ಅವಳಿಗೆ.

ಮಲಾಕಿ


ಮ್ಯಾಕ್‌ನಾಬ್ ಜಂಕ್ಷನ್
20 ಅಕ್ಟೋಬರ್ 1951

ಮಲಾಕಿ,

ನಾಲ್ಕು ಎಂದು ಬರೆದೆ. ನಕ್ಷೆಯಲ್ಲಿ ನಾಲ್ಕು ಚುಕ್ಕಿ ಇಟ್ಟೆ. ನಾಲ್ಕು ಬಿಲ್ಲೆ ಇದರ ಜೊತೆ ಇವೆ. ವಿಮಾನ ಇನ್ನು ಬರುವುದು ಇಳಿಯುವಷ್ಟು ಸರೋವರದ ಮಂಜುಗಡ್ಡೆ ಗಟ್ಟಿಯಾದ ಮೇಲೆ, ಅಲ್ಲಿಯವರೆಗೆ ಇದು ಅಂಗಡಿಯಲ್ಲೇ ಕೂತಿರುತ್ತದೋ ಏನೋ.

ನಿಜ ಹೇಳಲೇ, ನನಗೆ ನಾಚಿಕೆಯಾಯಿತು. ಸಾಹೇಬರು ನಕ್ಷೆಯ ಮೇಲೆ ಅಂಗೈ ಅಗಲಿಸಿ ಇಟ್ಟು, "ಇಷ್ಟು ಜಾಗಕ್ಕೆ ಬರೀ ನಾಲ್ಕಾ?" ಎಂದು ಕೇಳಿದರು. ನಾನು ಚಿಕ್ಕವಳಿದ್ದಾಗ ಸಂಜೆ ದೋಣಿಯಲ್ಲಿ ಕೂತರೆ ನಾಲ್ಕೂ ಕಡೆ ಬೀವರ್‌ಗಳು ಬಾಲ ಬಡಿಯುವ ಸದ್ದು ಕೇಳುತ್ತಿತ್ತು. ಅವೆಲ್ಲ ಎಲ್ಲಿ ಹೋದವೋ? ದೂರದ ತೊರೆಗಳ ಕಡೆಗೂ ಹೋಗಿ ನೋಡು. ಅಮ್ಮನ ಒಲೆ ಪಕ್ಕ ಕೂತು ಚಹಾ ಕುಡಿದರೆ ಬೀವರ್ ತಾನಾಗಿ ಬಂದು ಬೋನಿಗೆ ಬೀಳುವುದಿಲ್ಲ, ಹೆಣ್ಣೂ ಸಿಗುವುದಿಲ್ಲ. ಮೂವತ್ತಾಗುತ್ತಾ ಬಂತು ನಿನಗೆ.

ಹೆಬ್ಬಾತನ್ನು ಒಬ್ಬಳೇ ತಿಂದೆ. ಯಾರಿಗೂ ಕೊಡಲಿಲ್ಲ.

ಅಕ್ಕ


ಕಿನೋಶೆ ಸರೋವರ
18 ಜೂನ್ 1952

ಅಕ್ಕಾ,

ನಾಲ್ಕು ತೊಗಲು, ನಾಲ್ಕು ಬಿಲ್ಲೆ. ಅಂಗಡಿಯವನು ನೋಡಿ ಬರೆದುಕೊಂಡ. ಎಲುಬುಗಳನ್ನು ನಾಯಿಗೆ ಸಿಗದ ಹಾಗೆ ಮರ್ಯಾದೆಯಿಂದ ನೀರಿಗೆ ಬಿಟ್ಟಿದ್ದೇನೆ.

ಸೋಮಾರಿ ಅಂದೆಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ನೀನು ಬಿಟ್ಟು ಹೋದ ಮೇಲೆ ಅವಳು ನಿನ್ನ ಬಗ್ಗೆ ಒಳ್ಳೆಯದನ್ನೇ ನೆನೆಸಿಕೊಳ್ಳುತ್ತಾಳೆ, ಅದು ಹಾಗೇ ಇರಲಿ. ಈ ಬೇಸಿಗೆಯಲ್ಲಿ ಬರುತ್ತೀಯಾ ಎಂದು ಕೇಳುತ್ತಿದ್ದಾಳೆ. ಸ್ವಲ್ಪ ಕೆಮ್ಮು ಇದೆ, ಅಷ್ಟೇ.

ಮಲಾಕಿ


ಮ್ಯಾಕ್‌ನಾಬ್ ಜಂಕ್ಷನ್
9 ಸೆಪ್ಟೆಂಬರ್ 1952

ಮಲಾಕಿ,

ಈ ಬೇಸಿಗೆಗೆ ಬರಲು ಆಗಲಿಲ್ಲ. ಫಾರಂಗಳ ರಾಶಿ ಬಿದ್ದಿದೆ. ಮುಂದಿನ ವರ್ಷ ಬಂದೇ ಬರುತ್ತೇನೆ ಎಂದು ಅಮ್ಮನಿಗೆ ಹೇಳು. ಕೆಮ್ಮಿಗೆ ಔಷಧಿ, ಎರಡು ಪೊಟ್ಟಣ ಚಹಾಪುಡಿ, ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ಈ ವರ್ಷ ಮನೆ ಎಷ್ಟು? ಚೆನ್ನಾಗಿ ನೋಡಿ ಹೇಳು. ಹೆಚ್ಚಿದ್ದರೆ ಹೆಚ್ಚೆಂದೇ ಹೇಳು, ಸಂಕೋಚ ಬೇಡ. ಐದಾದರೂ ಇದ್ದರೆ ಒಳ್ಳೆಯದು. ಯಾಕೆ ಏನು ಎಂದು ಕೇಳಬೇಡ.

ಅಕ್ಕ


ಕಿನೋಶೆ ಸರೋವರ
1 ಅಕ್ಟೋಬರ್ 1952

ಅಕ್ಕಾ,

ಮೂರು.

ಐದು ಅಂದೆಯಲ್ಲ, ಅದನ್ನು ಓದಿ ಬೇಜಾರಾಯಿತು. ಊರಿನ ಗಾಳಿ ಸೋಕಿದರೆ ಹಸಿವು ಹೆಚ್ಚುತ್ತದೇನೋ. ಈ ವರ್ಷ ಬಿಡಾರದ ಹತ್ತಿರವೇ ಕೆಲಸ ಬಹಳ. ಸೌದೆ ಕಡಿಯಬೇಕು, ನೀರು ತರಬೇಕು. ದೂರ ಹೋಗಲಾರೆ. ಮೂರು ಸಾಕು.

ಕಾಲುಚೀಲ ಹಾಕಿಕೊಂಡೇ ಮಲಗುತ್ತಾಳೆ. ಮಗಳು ಕಳಿಸಿದ್ದು ಎಂದು ಕಾಲನ್ನು ಹೊದಿಕೆಯಿಂದ ಹೊರಗೆ ಚಾಚಿ ತೋರಿಸುತ್ತಾಳೆ.

ಮಲಾಕಿ


ಮ್ಯಾಕ್‌ನಾಬ್ ಜಂಕ್ಷನ್
11 ಮಾರ್ಚ್ 1953
(ಕಳುಹಿಸಲಿಲ್ಲ)

ಮಲಾಕಿ,

ಇದನ್ನು ನಿನಗೆ ಹೇಳಬೇಕೋ ಬೇಡವೋ ಗೊತ್ತಾಗದೆ ಒದ್ದಾಡುತ್ತಿದ್ದೇನೆ. ಕಾನೂನಿನಲ್ಲಿ ಇನ್ನೊಂದು ಸಾಲು ಇದೆ. ಸತತ ಮೂರು ವರ್ಷ ಐದಕ್ಕಿಂತ ಕಡಿಮೆ ಬೀವರ್ ಮನೆ ತೋರಿಸಿದ ಜಾಗವನ್ನು ಬರಿದಾದ ಜಾಗ ಎಂದು ಲೆಕ್ಕ ಹಿಡಿದು, ಲೈಸೆನ್ಸ್ ರದ್ದು ಮಾಡಿ ಪಕ್ಕದ ಜಾಗಕ್ಕೆ ಸೇರಿಸುತ್ತಾರೆ. ನಿನಗೆ ಎರಡು ವರ್ಷ ಆಗಿದೆ. ಎಚ್ಚರಿಕೆಯ ಕಾಗದ ನಿನ್ನ ಹೆಸರಿಗೆ ಬಂದಿದೆ. ಅದನ್ನು ನಿನಗೆ ತರ್ಜುಮೆ ಮಾಡಿ ಕಳಿಸಬೇಕಾದವಳೂ ನಾನೇ. ಅದು ನನ್ನ ಮೇಜಿನ ಖಾನೆಯಲ್ಲಿ ಬಿದ್ದಿದೆ.

ಹೇಳಿ ಏನು ಪ್ರಯೋಜನ? ಇಲ್ಲದ ಬೀವರನ್ನು ನೀನು ಎಲ್ಲಿಂದ ತರುತ್ತೀಯ? ಅಮ್ಮನ ಮುಂದೆ ಓದುತ್ತೀಯ, ಅವಳು ಎದೆ ಒಡೆದುಕೊಳ್ಳುತ್ತಾಳೆ. ಅಪ್ಪ ಮಲಗಿರುವ ಜಾಗ ಅದು.

ಹೋದ ಶರತ್ಕಾಲದಲ್ಲಿ ನಿನ್ನ ಫಾರಂ ಮುಂದಿಟ್ಟುಕೊಂಡು, ಎಂಟು ಎಂದು ಬರೆದುಬಿಡಲೇ ಅಂದುಕೊಂಡೆ. ಯಾರು ಹೋಗಿ ಎಣಿಸುತ್ತಾರೆ? ಪೆನ್ನು ಕಾಗದಕ್ಕೆ ತಾಕಿಸಿಯೂ ಆಗಿತ್ತು. ಆದರೆ ಹೆದರಿಕೆಯಾಯಿತು. ಸುಳ್ಳು ಬರೆಯಬಾರದು ಎಂಬುದೊಂದನ್ನು ಆ ಶಾಲೆ ನನ್ನ ಮೂಳೆಗೇ ಇಳಿಸಿಬಿಟ್ಟಿದೆ. ಮೂರು ಎಂದೇ ಬರೆದೆ.

ಸಾಹೇಬರು ಒಳ್ಳೆಯವರು, ನೋಡೋಣ ಅಂದಿದ್ದಾರೆ. ಈ ವರ್ಷ ನೀನು ಐದು ಎಂದರೆ ಸಾಕು. ಅಷ್ಟೇ ಸಾಕು.


ಕಿನೋಶೆ ಸರೋವರ
22 ಸೆಪ್ಟೆಂಬರ್ 1953

ಅಕ್ಕಾ,

ನೀನು ಕಳಿಸಿದ ಶಾಲು ಬಂತು. ತುಂಬ ಚೆನ್ನಾಗಿದೆ. ತೆಗೆದಿಟ್ಟಿದ್ದೇನೆ.

ಈ ವರ್ಷ ಬೋನುಗಳನ್ನೆಲ್ಲ ಮರಕ್ಕೆ ತೂಗುಹಾಕಿದ್ದೇನೆ. ಬಿಲ್ಲೆ ಬೇಡ. ಒಂದೂ ಬೇಡ. ಕಾರಣ ಕಾಗದದಲ್ಲಿ ಹೇಳುವಂಥದ್ದಲ್ಲ, ನೀನು ಬಂದಾಗ ಎದುರಿಗೆ ಕೂತು ಹೇಳುತ್ತೇನೆ. ಈ ಬೇಸಿಗೆಗೆ ಬಂದೇ ಬರುತ್ತೇನೆ ಅಂದಿದ್ದೆಯಲ್ಲ, ಪ್ರತಿ ವಿಮಾನ ಬಂದಾಗಲೂ ದಡಕ್ಕೆ ಹೋಗಿ ನಿಂತೆ.

ಮಲಾಕಿ


ಮ್ಯಾಕ್‌ನಾಬ್ ಜಂಕ್ಷನ್
5 ಡಿಸೆಂಬರ್ 1953

ಮಲಾಕಿ,

ಕೂತುಕೊಂಡು ಓದು. ಅಮ್ಮನಿಗೆ ಈಗಲೇ ಓದಿ ಹೇಳಬೇಡ.

ನಿನ್ನ ಲೈಸೆನ್ಸ್ ರದ್ದಾಗಿದೆ. ನಾಲ್ಕು, ಮೂರು, ಸೊನ್ನೆ. ಮೂರು ವರ್ಷ ಐದಕ್ಕಿಂತ ಕಡಿಮೆ ಆದರೆ ಜಾಗ ಹೋಗುತ್ತದೆ ಎಂಬ ಕಾನೂನು ಇತ್ತು. ನನಗೆ ಗೊತ್ತಿತ್ತು, ನಿನಗೆ ಹೇಳಲಿಲ್ಲ. ಹೇಳಿದರೂ ಬೀವರ್ ಹುಟ್ಟುವುದಿಲ್ಲ ಎಂದುಕೊಂಡೆ. ಕಿನೋಶೆ ಸರೋವರವನ್ನು ತೆಂಕಣ ಜಾಗದ ಲಿಂಡ್‌ಕ್ವಿಸ್ಟ್ ಎಂಬವನ ಹೆಸರಿಗೆ ಸೇರಿಸಿದ್ದಾರೆ. ರೈಲು ಹಳಿ ಹಾಕಲು ಬಂದ ಸ್ವೀಡನ್ ದೇಶದವನು, ವಯಸ್ಸಾದವನು, ಕೆಟ್ಟವನಲ್ಲ. ಬಿಡಾರ ಅಲ್ಲೇ ಇರಬಹುದು. ಬೋನು ಹಾಕುವಂತಿಲ್ಲ, ತೊಗಲು ಮಾರುವಂತಿಲ್ಲ.

ಸಾಹೇಬರ ಮುಂದೆ ನಾನು ಅತ್ತೆ. "ನಿನ್ನ ತಮ್ಮನೇ ಸೊನ್ನೆ ಅಂದ್ಮೇಲೆ ನಾನೇನು ಮಾಡ್ಲಿ ಹೆಸ್ಟರ್?" ಅಂದರು. ಐದೆಂದಾದರೂ ಹೇಳಬಾರದಿತ್ತೇ ನೀನು?

ಅಮ್ಮ ಏನಂದಳು ಎಂದು ಬರೆ. ಬೈದರೆ ಬೈದಳು ಎಂದೇ ಬರೆ.

ಅಕ್ಕ


ಮ್ಯಾಕ್‌ನಾಬ್ ಜಂಕ್ಷನ್
27 ಜೂನ್ 1954

ಮಲಾಕಿ,

ಮಂಜು ಕರಗಿದ ಮೇಲೆ ಮೂರು ವಿಮಾನ ಬಂದವು. ನಿನ್ನ ಕಾಗದ ಒಂದರಲ್ಲೂ ಇರಲಿಲ್ಲ. ಸಿಟ್ಟಾಗಿದ್ದರೆ ಸಿಟ್ಟೆಂದಾದರೂ ಬರೆ. ಅಮ್ಮನಿಗೆ ಹಲ್ಲಿಲ್ಲವಲ್ಲ ಎಂದು ಮೆತ್ತನೆಯ ಬಿಸ್ಕತ್ತು ಕಳಿಸಿದ್ದೇನೆ.

ಅಕ್ಕ


ಮ್ಯಾಕ್‌ನಾಬ್ ಜಂಕ್ಷನ್
14 ಅಕ್ಟೋಬರ್ 1954

ಮಲಾಕಿ,

ಇವತ್ತು ಲಿಂಡ್‌ಕ್ವಿಸ್ಟ್ ಲೆಕ್ಕ ಕೊಡಲು ಬಂದಿದ್ದ. ಅವನ ಫಾರಂ ತುಂಬಿದ್ದೂ ನಾನೇ. ಕಿನೋಶೆ ಸರೋವರ ಮತ್ತು ತೊರೆಗಳಲ್ಲಿ ಬೀವರ್ ಮನೆ ಎಷ್ಟು ಎಂದು ಕೇಳಿದೆ.

ಮೂವತ್ತೇಳು ಅಂದ.

ನಾನು ನಂಬದೆ ಎರಡು ಸಲ ಕೇಳಿದೆ. ನಕ್ಷೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ತೋರಿಸಿದ. ಹೊಸ ಮನೆ ಅಲ್ಲವಂತೆ, ಹತ್ತು ಹದಿನೈದು ವರ್ಷದ ಹಳೆಯ ಮನೆಗಳಂತೆ. ಮೇಲೆ ಹುಲ್ಲು ಬೆಳೆದಿದೆಯಂತೆ. ಸಾಹೇಬರು ಎದ್ದು ಬಂದು ನಕ್ಷೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಯಾಕೆ ಹೀಗೆ ಮಾಡಿದೆ? ಸರ್ಕಾರಕ್ಕೆ ಸುಳ್ಳು ಹೇಳುವುದಿದ್ದರೆ ಹೇಳು, ಒಡಹುಟ್ಟಿದವಳಿಗೂ ಸುಳ್ಳೇ? ಐದಾದರೂ ಎಂದು ನಾನು ಅಂಗಲಾಚಿದೆ. ಮೂವತ್ತೇಳನ್ನು ಎದುರಿಗಿಟ್ಟುಕೊಂಡು ಮೂರು ಎಂದೆ. ಅಪ್ಪನ ಜಾಗ ಕಳೆದದ್ದು ನನ್ನ ಕೈಬರಹದಲ್ಲಿ. ಅದನ್ನು ಬರೆಸಿದವನು ನೀನು. ನಾನು ಊರು ಸೇರಿದೆ, ಅವರ ಅನ್ನ ತಿಂದೆ, ಅದಕ್ಕೇ ನನ್ನನ್ನೂ ಅವರವಳು ಎಂದುಕೊಂಡೆಯಾ?

ಅಮ್ಮನಿಗೆ ಇದನ್ನು ಓದಿ ಹೇಳು. ಈ ಸಲ ಪೂರ್ತಿ ಓದು.

ಹೆಸ್ಟರ್


ನದೀಮುಖದ ಅಂಗಡಿಯಿಂದ
8 ಜನವರಿ 1955

ಅಕ್ಕಾ,

ಅಮ್ಮ ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. 1953ರ ಫೆಬ್ರವರಿ. ನೆಲ ಕಲ್ಲಾಗಿತ್ತು, ಎರಡು ದಿನ ಬೆಂಕಿ ಹಾಕಿ ಕರಗಿಸಿ ಅಪ್ಪನ ಪಕ್ಕದಲ್ಲಿ ಜಾಗ ಮಾಡಿದೆ. ಕಾಲುಚೀಲ ಕಾಲಲ್ಲೇ ಇದೆ. ನಿನ್ನ ಶಾಲು ಬಂದಾಗ ಅವಳು ಹೋಗಿ ಏಳು ತಿಂಗಳಾಗಿತ್ತು. ಹದಿನೆಂಟು ವರ್ಷ ಅವಳ ಮುಖ ನೋಡದವಳಿಗೆ ಈ ಸುದ್ದಿಯನ್ನು ಅಂಗಡಿಯವನ ಚೀಲದಲ್ಲಿ ಹೇಗೆ ಕಳಿಸಲಿ? ಬರುತ್ತೀಯ, ಕೈ ಹಿಡಿದು ಸಮಾಧಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಕಾದೆ. ನೀನು ಬರಲಿಲ್ಲ, ನಾನು ಹೇಳಲಿಲ್ಲ. ಇಬ್ಬರದೂ ತಪ್ಪೇ.

ಮನೆಯಲ್ಲಿ ಸಾವಾದ ವರ್ಷ ಬೋನು ಮುಟ್ಟಬಾರದು. ಅದಕ್ಕೇ ಮರಕ್ಕೆ ತೂಗುಹಾಕಿದ್ದು. ಬೋನು ತೂಗುಹಾಕಿದೆ ಎಂದು ಬರೆದರೆ ನಿನಗೆ ಅರ್ಥವಾಗುತ್ತದೆ, ಅಲ್ಲೇ ಅತ್ತು ಹಗುರಾಗುತ್ತೀಯ ಎಂದುಕೊಂಡಿದ್ದೆ. ನಿನ್ನ ಡಿಸೆಂಬರ್ ಕಾಗದದಲ್ಲಿ ಅಮ್ಮನಿಗೆ ಓದಬೇಡ ಎಂದಿತ್ತು. ಆಗ ತಿಳಿಯಿತು, ನಿನಗೆ ಅರ್ಥವಾಗಿಲ್ಲ ಎಂದು. ಆಮೇಲೆ ಬರೆಯಲು ಕೈ ಬರಲಿಲ್ಲ.

ನಾನು ಸುಳ್ಳು ಹೇಳಲಿಲ್ಲ ಅಕ್ಕ. ಈ ಚಳಿಗಾಲಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಬಾಯಿಬಿಟ್ಟು ಹೇಳಬೇಕು. ಬೀವರ್‌ಗೆ ಕಿವಿಯಿದೆ. ಮೂವತ್ತೇಳು ಎಂದು ಹೇಳಿದರೆ ಮೂವತ್ತೇಳನ್ನೂ ಕೊಡು ಎಂದು ಕೇಳಿದ ಹಾಗೆ. ಒಂದು ತೊರೆಯಲ್ಲಿ ಬೀವರ್ ಹಿಡಿದರೆ ಮೂರು ವರ್ಷ ಅತ್ತ ಹೋಗುವುದಿಲ್ಲ, ಅಲ್ಲಿಯವುಗಳ ಮಾತೂ ಎತ್ತುವುದಿಲ್ಲ. ಅಪ್ಪನನ್ನು ಯಾರು ಕೇಳಿದರೂ ಎರಡೋ ಮೂರೋ ಇರಬಹುದು ಅನ್ನುತ್ತಿದ್ದ. ಕೇಳಿದವನಿಗೂ ಅದು ಗೊತ್ತಿರುತ್ತಿತ್ತು. ನಿನಗೂ ಗೊತ್ತಿದೆ, ಸಾಹೇಬನಿಗೆ ನೀನು ಬಿಡಿಸಿ ಹೇಳುತ್ತೀಯ ಎಂದುಕೊಂಡೆ.

ನಿನ್ನ ಕಾಗದ ಓದಿದ ಮೇಲೆ ಲೆಕ್ಕ ಹಾಕಿದೆ. ಇದನ್ನು ಮಕ್ಕಳಿಗೆ ಕಲಿಸುವುದು ಒಂಬತ್ತು ಹತ್ತು ವರ್ಷಕ್ಕೆ, ಮೊದಲ ಸಲ ಮಂಜಿನ ಮೇಲೆ ಕರೆದುಕೊಂಡು ಹೋಗುವಾಗ. ಶಾಲೆಯವರು ನಿನ್ನನ್ನು ದೋಣಿಯಲ್ಲಿ ಕರೆದೊಯ್ದಾಗ ನಿನಗೆ ಎಂಟು. ನಿನ್ನನ್ನು ಕಳಕೊಂಡ ಹೆದರಿಕೆಗೆ ಅಮ್ಮ ಶಾಲೆಯ ದೋಣಿ ಬರುವ ಪ್ರತಿ ಆಗಸ್ಟಿನಲ್ಲಿ ನನ್ನನ್ನು ಕಾಡಿನೊಳಗೆ ಬಚ್ಚಿಟ್ಟಳು. ಹಾಗಾಗಿ ನಾನು ಕಲಿತೆ. ನೀನು ಕಲಿಯಬೇಕಾದ್ದನ್ನು ಕಲಿಸುವವರು ಯಾರೂ ನಿನ್ನ ಹತ್ತಿರ ಇರಲಿಲ್ಲ. ಇದು ನಿನ್ನ ತಪ್ಪಲ್ಲ. ಸಿಟ್ಟಿನಲ್ಲಿ ಒಂದು ವರ್ಷ ಬಾಯಿ ಮುಚ್ಚಿಕೊಂಡೆ, ಅದನ್ನು ಹೊಟ್ಟೆಗೆ ಹಾಕಿಕೋ.

ಈಗ ಕೆಲಸದ ಮಾತು. ಲಿಂಡ್‌ಕ್ವಿಸ್ಟ್‌ಗೆ ಮೂವತ್ತೇಳು ಬಿಲ್ಲೆ ಸಿಕ್ಕಿದೆ. ಎಲ್ಲ ತೊರೆಯಲ್ಲೂ ಒಂದೇ ಚಳಿಗಾಲ ಬೋನು ಹಾಕುತ್ತಿದ್ದಾನೆ. ಎಲುಬುಗಳನ್ನು ಅವನ ನಾಯಿಗಳು ತಿನ್ನುತ್ತಿವೆ. ಅವನಿಗೆ ಮಂಡಿನೋವು, ಒಬ್ಬ ಸಹಾಯಕ ಬೇಕಂತೆ. ನಾನು ಹೋಗುತ್ತೇನೆ. ಅಮ್ಮ ಅಪ್ಪ ಅಲ್ಲಿದ್ದಾರೆ. ಎಲುಬನ್ನಾದರೂ ನೀರಿಗೆ ಬಿಡಬಹುದು. ಮೆಲ್ಲಗೆ ಅವನಿಗೆ ಹೇಳಿ ಒಂದೆರಡು ತೊರೆಯನ್ನಾದರೂ ಬಿಡಿಸಬಹುದು. ಸಹಾಯಕನಿಗೂ ಲೈಸೆನ್ಸ್ ಬೇಕಂತೆ. ಫಾರಂ ನೀನೇ ತುಂಬು. ಈ ಜಾಗದ ಪರಿಚಯ ಎಷ್ಟಿದೆ ಎಂದು ಅದರಲ್ಲಿ ಕೇಳುತ್ತಾರಂತೆ, ಅಂಗಡಿಯವನು ಹೇಳಿದ. ಸ್ವಲ್ಪ ಎಂದು ಬರೆ.

ಮಲಾಕಿ


ಮ್ಯಾಕ್‌ನಾಬ್ ಜಂಕ್ಷನ್
19 ಫೆಬ್ರವರಿ 1955

ಮಲಾಕಿ,

ಕಾಗದ ಬಂದ ದಿನ ಆಫೀಸಿಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಅಮ್ಮ ಸತ್ತ ಮೇಲೆ ಅವಳಿಗೆಂದು ನಾನು ಕಳಿಸಿದ್ದು ಶಾಲು, ಬಿಸ್ಕತ್ತು. ಹದಿನಾರಕ್ಕೆ ಶಾಲೆ ಮುಗಿಸಿ ಒಂದು ಬೇಸಿಗೆ ಬಂದಿದ್ದೆನಲ್ಲ, ತೊಗಲು ಹದ ಮಾಡಲು ಬರುವುದಿಲ್ಲ ಎಂದು ಎಲ್ಲರೂ ನಕ್ಕರೆಂದು ಮುನಿಸಿಕೊಂಡು ಹೊರಟುಬಿಟ್ಟೆ. ಅಮ್ಮ ನಗಲಿಲ್ಲ. ಅದು ನನಗೆ ಈಗ ನೆನಪಾಗುತ್ತಿದೆ.

ಮೂರನೆಯ ದಿನ ಹೋಗಿ ಹಳೆಯ ಫಾರಂಗಳನ್ನು ತೆಗೆದು ನೋಡಿದೆ. ಉತ್ತರದವರದೆಲ್ಲ ಮೂರು, ನಾಲ್ಕು, ಎರಡು. ನಿನ್ನದಲ್ಲದೆ ಇನ್ನೂ ಆರು ಜಾಗ ಬರಿದು ಎಂದು ರದ್ದಾಗಿವೆ. ಏಳೂ ನನ್ನ ಅಕ್ಷರ. ಚೆನ್ನಾಗಿ ಬರೆಯುತ್ತೀಯ ಎಂದು ಸಾಹೇಬರು ಹೊಗಳಿದ ಅಕ್ಷರ.

ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ನಾಲ್ಕು ಎಂಬುದು ಇರುವ ಲೆಕ್ಕವಲ್ಲ, ಬೇಕಾದ ಲೆಕ್ಕ, ತಪ್ಪು ನನ್ನದು ಎಂದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಹಾಗಂತ ಬರೆದ್ರೆ ಏಳು ಜನಾನೂ ಸುಳ್ಳು ಲೆಕ್ಕ ಕೊಟ್ಟ ಹಾಗಾಗುತ್ತೆ. ಸುಳ್ಳು ಲೆಕ್ಕಕ್ಕೆ ಐದು ವರ್ಷ ಯಾವ ಲೈಸೆನ್ಸೂ ಇಲ್ಲ, ಸಹಾಯಕಂದೂ ಇಲ್ಲ. ನೀನು ಹೇಳಿದ್ದು ನನಗೆ ಕೇಳಿಸ್ಲಿಲ್ಲ ಹೆಸ್ಟರ್" ಅಂದರು. ಅವರಿಗೂ ಸಂಕಟವಾಗಿತ್ತು. ಆದರೆ ಅವರು ಜಾಗ ವಾಪಸ್ ಕೊಡಲಾರರು.

ಆಮೇಲೆ ನಿನ್ನ ಫಾರಂ ತೆಗೆದುಕೊಂಡೆ. ಜಾಗದ ಪರಿಚಯ ಎಂಬಲ್ಲಿ ಸ್ವಲ್ಪ ಎಂದು ಬರೆದೆ. ನೀನು ಹೇಳಿದ್ದನ್ನು ಅರ್ಥ ಮಾಡಿಕೊಂಡು ಬರೆದದ್ದು ಇದೇ ಮೊದಲು.

ಸಹಿ ಹಾಕಲು ಲಿಂಡ್‌ಕ್ವಿಸ್ಟ್ ಬಂದಿದ್ದ. ಕನ್ನಡಕ ಏರಿಸಿ ಅದನ್ನು ಓದಿ, ನನ್ನ ಭುಜ ತಟ್ಟಿದ. "ನಿನ್ನ ತಮ್ಮನಂತೆ, ಹೌದಾ? ಪಾಪ, ಅವನಿಗೆ ಬೀವರ್ ಹುಡುಕೋಕೇ ಗೊತ್ತಿರಲಿಲ್ಲ ಅನ್ಸುತ್ತೆ. ಬೇಜಾರು ಮಾಡ್ಕೋಬೇಡಮ್ಮ, ಎಲ್ಲೆಲ್ಲಿವೆ ಅಂತ ನಾನು ಒಂದೊಂದೇ ತೋರಿಸಿಕೊಡ್ತೀನಿ. ಅವನಿಗೆ ಹೇಳು" ಅಂದ.

ಹೇಳ್ತೀನಿ ಅಂದೆ. ಅದಕ್ಕೇ ಬರೆದಿದ್ದೇನೆ.

ಅಕ್ಕ